ತನಗೆ ತಾನೇ ಒಡೆಯ

‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬುದು ಹಿರಿಯರ ಮಾತು. ಆಳೂ ಅರಸನೂ ಒಬ್ಬನೇ ಆಗಿರುವ ಬದುಕು ಎಲ್ಲಾದರೂ ಉಂಟೆ ಎಂದು ಕೇಳಿದರೆ, ಸಂಬಳಕ್ಕೆ ದುಡಿಯುವ ನಮ್ಮಂಥವರು ಥಟ್ಟನೆ ತರಕಾರಿಯ ತಳ್ಳುಗಾಡಿಯವನನ್ನು ತೋರಿಸುತ್ತೇವೆ. ಅವನಿಗೆ ಮೇಲಧಿಕಾರಿಯಿಲ್ಲ, ಹಾಜರಿ ಪುಸ್ತಕವಿಲ್ಲ. ತನಗೆ ತಾನೇ ಒಡೆಯ ಎನ್ನುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ?

ಘಾನಾ ದೇಶದ ಅಕ್ರಾ ನಗರದ ಬಡವರ ನಡುವೆ ಅಧ್ಯಯನ ನಡೆಸಿದ ಕೀತ್ ಹಾರ್ಟ್ ಎಂಬ ವಿದ್ವಾಂಸರು 1970ರ ದಶಕದ ಮೊದಲಲ್ಲಿ ಇಂಥ ದುಡಿಮೆಗೆ ‘ಅನೌಪಚಾರಿಕ’ ಎಂದು ಹೆಸರಿಟ್ಟರು. ನಿರುದ್ಯೋಗಿಗಳೆಂದು ಲೆಕ್ಕಕ್ಕೆ ಬಂದವರು ಬಿಡುವಿಲ್ಲದೆ ದುಡಿಯುತ್ತಿದ್ದುದನ್ನು ಅವರು ಕಂಡಿದ್ದರು. ಅದನ್ನು ಕಾಣಲು ನಾವು ಅಕ್ರಾಕ್ಕೆ ಹೋಗಬೇಕಾಗಿಲ್ಲ. ವಿಜಯನಗರದ ಬೀದಿಗೆ ಗಾಡಿ ತರುವವನು ನಾವು ಏಳುವ ಮೊದಲೇ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಸರಕು ಕೊಂಡಿರುತ್ತಾನೆ. ಆ ಹಣ ಅನೇಕ ವೇಳೆ ಸಾಲದ್ದು: ಬೆಳಗ್ಗೆ 900 ರೂಪಾಯಿ ಕೈಗೆ ಬಂದರೆ ಸಂಜೆ 1,000 ತೀರಿಸಬೇಕು. ಇಂಥ ದಿನಬಡ್ಡಿಯಿಂದ ಬಿಡಿಸುವ ಸಲುವಾಗಿಯೇ 2018ರಲ್ಲಿ ರಾಜ್ಯ ಸರ್ಕಾರವು ‘ಬಡವರ ಬಂಧು’ ಯೋಜನೆಯನ್ನೂ 2020ರಲ್ಲಿ ಕೇಂದ್ರ ಸರ್ಕಾರವು ‘ಸ್ವನಿಧಿ’ ಸಾಲವನ್ನೂ ತಂದವು. ನಿಲ್ಲುವ ಜಾಗದ ಮಾತೂ ಹಾಗೆಯೇ. ಬೀದಿ ವ್ಯಾಪಾರವು, ಸೂಕ್ತ ನಿರ್ಬಂಧಗಳಿಗೆ ಒಳಪಟ್ಟು, ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕೆಂದು ಸುಪ್ರೀಂ ಕೋರ್ಟು 1989ರಲ್ಲಿ ಹೇಳಿತು; 2014ರಲ್ಲಿ ಅದಕ್ಕಾಗಿಯೇ ಒಂದು ಕಾನೂನು ಬಂತು. ಆದರೂ ‘ಗಾಡಿ ತೆಗೆ’ ಎಂಬ ಒಂದು ಕೂಗಿಗೆ ಅವನು ಇಂದಿಗೂ ಬೆಚ್ಚುತ್ತಾನೆ.

ಒಡೆತನಕ್ಕೆ ಒರೆಗಲ್ಲು ಒಂದೇ: ‘ಒಲ್ಲೆ’ ಎನ್ನುವ ಶಕ್ತಿ. ಜ್ವರ ಬಂದ ದಿನ ನಾವು ರಜೆಯ ಚೀಟಿ ಬರೆಯುತ್ತೇವೆ. ಅವನು ಯಾರಿಗೆ ಬರೆಯಬೇಕು? ಬಡ್ಡಿಗೆ ರಜೆಯಿಲ್ಲ, ಬಾಡುವ ಸೊಪ್ಪಿಗೂ ಇಲ್ಲ.

ಹಾಗೆಂದು ಅವನನ್ನು ಬರಿಯ ಆಳು ಎನ್ನೋಣವೆ? ಅದೂ ಸರಿಯಲ್ಲ. ಯಾವ ಬೀದಿಗೆ ಹೋಗಬೇಕು, ಏನು ತರಬೇಕು, ಯಾರಿಗೆ ಕಡ ಕೊಡಬೇಕು ಎಂಬುದು ಅವನ ವಿವೇಕಕ್ಕೆ ಬಿಟ್ಟದ್ದು. ಎಲ್ಲಕ್ಕಿಂತ ಮಿಗಿಲಾಗಿ, ಅವನು ಕೊಸರು ಹಾಕಬಲ್ಲ. ತೂಕವಾದ ಮೇಲೆ ಎರಡು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು. ಹೂವಿನವಳಾದರೆ ಮೊಳ ಅಳೆದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸುತ್ತಾಳೆ. ದೊಡ್ಡ ಅಂಗಡಿಯ ಗುಮಾಸ್ತನಿಗೆ ಈ ಅಧಿಕಾರವಿಲ್ಲ. ಕೊಡುವ ಆ ಗಳಿಗೆಯಲ್ಲಿ ಅವರು ನಿಜವಾಗಿ ಒಡೆಯರು.

ಆ ಒಡೆತನವನ್ನು ಕಸಿಯುವವರಲ್ಲಿ ನಾವೂ ಸೇರಿದ್ದೇವೆಯೆ ಎಂಬುದು ಪ್ರಶ್ನೆ. ಚೌಕಾಶಿ ವ್ಯಾಪಾರದ ಧರ್ಮ, ಅವನೂ ಹೆಚ್ಚಿಗೆ ಹೇಳುವುದಿಲ್ಲವೆ ಎಂದು ವಾಚಕರು ಕೇಳಬಹುದು. ಹೇಳುತ್ತಾನೆ. ಇಬ್ಬರಿಗೂ ಬಿಟ್ಟು ಹೋಗುವ ಸ್ವಾತಂತ್ರ್ಯವಿರುವಾಗ ಚೌಕಾಶಿ ಒಂದು ಆಟ, ಅದರಲ್ಲಿ ದೋಷವಿಲ್ಲ. ಆದರೆ ಸಂಜೆ ಸೊಪ್ಪು ಬಾಡಿ, ಸಾಲದವನು ಕಾದಿರುವ ಹೊತ್ತಿನಲ್ಲಿ ಅವನು ಬಿಟ್ಟು ಹೋಗಲಾರ. ಆಗ ಅರ್ಧ ಬೆಲೆಗೆ ಕೊಂಡು ‘ಗೆದ್ದೆ’ ಎಂದು ಬೀಗಿದರೆ, ಆ ಗೆಲವಿನಲ್ಲಿ ಬಡ್ಡಿಯವನ ಪಾಲೂ ಇದೆ. ದರ ಅಚ್ಚು ಹಾಕಿದ ಅಂಗಡಿಯಲ್ಲಿ ತುಟಿ ಬಿಚ್ಚದ ನಾವು ಗಾಡಿಯ ಮುಂದೆ ಮಾತ್ರ ಶೂರರಾಗುವುದು ಇದಕ್ಕಾಗಿಯೇ ಅಲ್ಲವೆ?

ಬಸವಣ್ಣನವರ ಹೆಸರನ್ನು ನಾವು ಬಡಾವಣೆಗೆ ಇಟ್ಟಿದ್ದೇವೆ. ಅವರ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಮಿಕ್ಕದ್ದನ್ನು ಇದ್ದಲ್ಲಿಗೇ ಸುರಿದು ಬರಲು ಹೇಳಿದಳಂತೆ. ದುಡಿಯುವವನಿಗೆ ಹೇಳಿದ ಈ ಕಥೆ ಕೊಳ್ಳುವವನಿಗೂ ಸಲ್ಲುತ್ತದೆ. ಸಾಲ ಕೊಡಿಸುವುದು, ಜಾಗ ಗುರುತಿಸುವುದು, ನಡೆಯುವವರಿಗೂ ದಾರಿ ಬಿಡಿಸುವುದು ಸರ್ಕಾರದ ಕೆಲಸ. ನಮ್ಮ ಕೆಲಸ ಅದಕ್ಕಿಂತ ಚಿಕ್ಕದು: ಬೆಲೆ ನ್ಯಾಯವೆನಿಸಿದರೆ ಕೊಟ್ಟುಬಿಡುವುದು, ಕೊಸರು ಹಾಕಿದರೆ ಸಂತೋಷದಿಂದ ಒಪ್ಪಿಕೊಳ್ಳುವುದು, ಹಾಕದಿದ್ದರೆ ನಾವೇ ಬುಟ್ಟಿಗೆ ಕೈ ಹಾಕದಿರುವುದು.