ಕಣ್ಣಳತೆಯೂ ಮನದಳತೆಯೂ

ಸುಗ್ಗಿಯ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ತೊಗರಿ, ಶೇಂಗಾ, ಭತ್ತಗಳ ರಾಶಿ ಬೀಳುತ್ತದೆ. ಎರಡು ರಾಶಿಗಳಲ್ಲಿ ಯಾವುದು ಹಿರಿದೆಂಬುದನ್ನು ಕಣ್ಣು ಎಣಿಸದೆಯೇ ಹೇಳಿಬಿಡುತ್ತದೆ. ಈ ಕಣ್ಣಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಕಣ್ಣಿಗೆ ಕಾಣದೆ ಹೋದ ಹೆಚ್ಚಳಕ್ಕೆ ಮನುಷ್ಯನು ಹೊಣೆಗಾರನೋ, ಅಲ್ಲವೋ?

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್‌ ಎಂಬಾತನು ಕರಿಯ ಕಾಳುಗಳನ್ನು ಡಬ್ಬಿಯೊಳಕ್ಕೆ ಎಸೆದು, ಒಂದೇ ನೋಟದಲ್ಲಿ ಅವುಗಳ ಸಂಖ್ಯೆಯನ್ನು ಊಹಿಸುವ ಪರೀಕ್ಷೆಯನ್ನು 1027 ಬಾರಿ ನಡೆಸಿ, 1871ರಲ್ಲಿ ಅದರ ಫಲವನ್ನು ಪ್ರಕಟಿಸಿದನು. 3, 4 ಕಾಳುಗಳಲ್ಲಿ ಆತನು ಒಮ್ಮೆಯೂ ತಪ್ಪಲಿಲ್ಲ. 5ರಿಂದ ತಪ್ಪು ಮೊದಲಾಯಿತು. ಸಂಖ್ಯೆ ಬೆಳೆದಂತೆ ತಪ್ಪೂ ಬೆಳೆಯಿತು. 2008ರಲ್ಲಿ ಅಮೆರಿಕದ ವಿದ್ವಾಂಸರು 14 ವರ್ಷದ 64 ಮಂದಿಗೆ ಹಳದಿ ಮತ್ತು ನೀಲಿ ಚುಕ್ಕೆಗಳನ್ನು ಕ್ಷಣಮಾತ್ರ ತೋರಿಸಿ, ಯಾವುವು ಹೆಚ್ಚೆಂದು ಕೇಳಿದರು. ಈ ಶಕ್ತಿಯು ಒಬ್ಬರಿಗಿಂತ ಒಬ್ಬರಲ್ಲಿ ಬಹಳ ಭಿನ್ನವಾಗಿರುವುದು ಕಂಡುಬಂದಿತು.

ಕಣ್ಣು ಗ್ರಹಿಸುವುದು ವ್ಯತ್ಯಾಸವನ್ನಲ್ಲ, ಪ್ರಮಾಣವನ್ನು. ಜರ್ಮನಿಯ ವೇಬರನು 19ನೆಯ ಶತಮಾನದಲ್ಲಿ ತೂಕ ಮೊದಲಾದವುಗಳಲ್ಲಿ ಗುರುತಿಸಿದ ನಿಯಮವೇ ಇಲ್ಲಿಯೂ ಸಲ್ಲುತ್ತದೆ. 10 ಕಾಳುಗಳ ಪಕ್ಕದಲ್ಲಿ 20 ಇದ್ದರೆ ಮಗುವಿಗೂ ತಿಳಿಯುವುದು. 100ರ ಪಕ್ಕದಲ್ಲಿ 110 ಇದ್ದರೆ ಬಲ್ಲವನೂ ತಡವರಿಸುವನು. ಎರಡೆಡೆಯೂ ಅಂತರ 10 ಮಾತ್ರವೇ!

ಸುರಪುರದ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಲ್ಲಿಂದ ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚಾಗಿ ಬಂದಾಗ ಲಕ್ಕಮ್ಮನು ಅದನ್ನು ಕಂಡು, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಹೇಳಿದಳೆಂಬ ಕಥೆ ಮನೆಮಾತಾಗಿದೆ. ಅಂದಂದಿನ ಅಗತ್ಯಕ್ಕೆ ತಕ್ಕಷ್ಟೇ ಅಕ್ಕಿ ಇದ್ದ ಮನೆಯಲ್ಲಿ ಹೆಚ್ಚಳವು ಒಡನೆ ಕಣ್ಣಿಗೆ ಬೀಳುತ್ತದೆ. ಕಣಜ ತುಂಬಿದವನ ಮನೆಯಲ್ಲಿ ಅದೇ ಹಿಡಿಯಕ್ಕಿ ಕಾಣುವುದೇ ಇಲ್ಲ. ಸಂಗ್ರಹವು ಬೆಳೆದಷ್ಟೂ ಕಣ್ಣು ಮೊಂಡಾಗುವುದು.

ಹಾಗಾದರೆ ಕಾಣದವನು ನಿರಪರಾಧಿಯೇ? ಕಾಣದಿರುವುದು ಕಣ್ಣಿನ ಸ್ವಭಾವ, ಅದರಲ್ಲಿ ದೋಷವಿಲ್ಲ. ಆದರೆ ತನ್ನ ಕಣ್ಣು ದೊಡ್ಡ ರಾಶಿಯಲ್ಲಿ ಸೋಲುವುದೆಂದು ತಿಳಿದೂ ಸೇರನ್ನಾಗಲಿ ತಕ್ಕಡಿಯನ್ನಾಗಲಿ ಹಿಡಿಯದಿರುವುದು ದೋಷವೇ ಸರಿ. ಕೂಲಿಯವನಿಗೆ ಕಾಳು ಅಳೆಯುವಾಗ ಒಂದು ಹಿಡಿ ಕಡಿಮೆಯಾದರೆ ಒಡೆಯನ ರಾಶಿಯಲ್ಲಿ ಅದು ಲೆಕ್ಕಕ್ಕಿಲ್ಲ. ಕೂಲಿಯವನ ಮಡಿಲಲ್ಲಿ ಅದು ಒಂದು ಹೊತ್ತಿನ ಊಟ. ಆದುದರಿಂದ ಕೊಡುವವನು ತನ್ನ ರಾಶಿಯನ್ನು ನೋಡಿ ಅಳೆಯಬಾರದು. ಕೊಳ್ಳುವವನ ಮಡಿಲನ್ನು ನೋಡಿ ಅಳೆಯಬೇಕು. ಕಣ್ಣು ಸೋತ ಎಡೆಯಲ್ಲಿ ಅಳತೆಯು ನಿಲ್ಲಬೇಕು. ಆ ಅಳತೆಯನ್ನು ಹಿಡಿದ ಕೈಯ ಹಿಂದೆ ಸಾಕೆಂಬ ಮನಸ್ಸು ನಿಲ್ಲಬೇಕು.