ಶಿಶುವೂ ಸಂಗೀತಾಭ್ಯಾಸವೂ

ಮಗುವಿಗೆ ಸಂಗೀತಪಾಠವನ್ನು ಯಾವ ವಯಸ್ಸಿನಲ್ಲಿ ಆರಂಭಿಸತಕ್ಕದ್ದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕೇವಲ ಗೃಹಕೃತ್ಯಕ್ಕೆ ಸೇರಿದುದಾಗಿ ತೋರುತ್ತದೆ. ಉಪಾಧ್ಯಾಯರು ದೊರೆಯುವರೆ, ವೇತನವೆಷ್ಟು, ಶಾಲೆಯ ಪಾಠಕ್ಕೆ ಅಡ್ಡಿಯಾಗದೆ ಯಾವ ಹೊತ್ತು ಉಳಿಯುತ್ತದೆ ಎಂಬಿಷ್ಟನ್ನು ಆಲೋಚಿಸಿ ತಂದೆತಾಯಿಗಳು ಒಂದು ದಿನವನ್ನು ಗೊತ್ತುಮಾಡಿಬಿಡುತ್ತಾರೆ. ಆದರೆ ಈ ಸಣ್ಣ ಪ್ರಶ್ನೆಯ ಒಡಲಲ್ಲಿ ದೊಡ್ಡದೊಂದು ಧರ್ಮಪ್ರಶ್ನೆ ಅಡಗಿದೆ. ತನಗೆ ಬೇಕಾದುದನ್ನು ತಾನೇ ಅರಿತು ಇಚ್ಛಿಸಲು ಇನ್ನೂ ಶಕ್ತವಲ್ಲದ ಜೀವದ ಮೇಲೆ ಹಿರಿಯರು ತಮ್ಮ ಇಚ್ಛೆಯನ್ನು ಎಷ್ಟರಮಟ್ಟಿಗೆ ಹೇರಬಹುದು? ಹೇರದೆ ಬಿಟ್ಟರೆ ಅದೂ ಅನ್ಯಾಯವಾಗುವುದಿಲ್ಲವೆ? ಈ ಎರಡು ಭಯಗಳ ನಡುವೆ ನಿಂತ ಗೃಹಸ್ಥನಿಗೆ ಪಂಚಾಂಗದ ಮುಹೂರ್ತವೊಂದೇ ದಾರಿಯನ್ನು ತೋರಲಾರದು.

ಎಳೆಯತನವೇ ಪ್ರಶಸ್ತವೆನ್ನುವವರ ವಾದ ಹೀಗಿದೆ: ಗಿಡವಾಗಿ ಬಗ್ಗದುದು ಮರವಾಗಿ ಬಗ್ಗಲಾರದು. ಮೂರು ನಾಲ್ಕು ವರುಷದ ಮಗು ತನ್ನ ಮಾತೃಭಾಷೆಯನ್ನು ವ್ಯಾಕರಣದ ಹಂಗಿಲ್ಲದೆ ಕಲಿಯುತ್ತದೆ. ಸ್ವರವನ್ನೂ ಹಾಗೆಯೇ ಕಲಿಯಬಾರದೇಕೆ? ಜಪಾನಿನ ಪಿಟೀಲು ಬೋಧಕರಾದ ಷಿನಿಚಿ ಸುಜುಕಿಯವರು (1898–1998) ಈ ತತ್ತ್ವವನ್ನೇ ಹಿಡಿದು ಮೂರು ನಾಲ್ಕು ವರುಷದ ಮಕ್ಕಳ ಕೈಗೂ ಪುಟ್ಟ ಪಿಟೀಲನ್ನು ಕೊಟ್ಟು ಕಲಿಸಿದರು. ಅವರ ಪದ್ಧತಿ ಲೋಕವೆಲ್ಲ ಹರಡಿತು. ಹೀಗಿರಲು ಒಂದು ದಿನ ತಡಮಾಡಿದರೂ ನಷ್ಟವೇ ಎಂಬುದು ಇವರ ನಿರ್ಣಯ.

ಎರಡನೆಯ ಪಕ್ಷದವರು ಇದಕ್ಕೆ ನೇರವಾಗಿ ವಿರೋಧವಾಗಿ ನಿಲ್ಲುತ್ತಾರೆ. ಸಂಗೀತವು ಆನಂದಕ್ಕಾಗಿ ಹುಟ್ಟಿದ ವಿದ್ಯೆ. ಆನಂದವನ್ನು ಬಲಾತ್ಕಾರದಿಂದ ಕೊಡುವುದು ಸಾಧ್ಯವಿಲ್ಲ. ಮಗುವು ತಾನಾಗಿ ಬಂದು ಕೇಳುವವರೆಗೂ ಹಿರಿಯರು ಸುಮ್ಮನಿರಬೇಕು. ಕೇಳದಿದ್ದರೆ ಅದರ ದಾರಿ ಬೇರೆಯೆಂದು ತಿಳಿಯಬೇಕು ಎಂದು ಇವರು ಹೇಳುತ್ತಾರೆ.

ಮೊದಲನೆಯ ಪಕ್ಷವನ್ನು ಪರೀಕ್ಷಿಸೋಣ. ಎಳೆತನದಲ್ಲಿ ಕಿವಿಯು ಬಹು ಸೂಕ್ಷ್ಮವೆಂಬುದು ನಿಜ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಶಿಶುವು ತಾಯಿಯ ದನಿಯನ್ನು ಕೇಳುತ್ತದೆಂದು ವೈದ್ಯಶಾಸ್ತ್ರಜ್ಞರು ಕಂಡಿದ್ದಾರೆ. ಯಾವ ಆಧಾರವೂ ಇಲ್ಲದೆ ಒಂದು ನಾದವನ್ನು ಕೇಳಿದೊಡನೆ ಅದರ ಸ್ಥಾನವನ್ನು ಹೆಸರಿಸುವ ಶಕ್ತಿಯುಳ್ಳವರಲ್ಲಿ ಹೆಚ್ಚಿನವರು ಆರೇಳು ವರುಷಕ್ಕೆ ಮುಂಚೆಯೇ ಅಭ್ಯಾಸವನ್ನಾರಂಭಿಸಿದವರೆಂಬುದೂ ಗೊತ್ತಾಗಿದೆ. ಆದರೆ ಕರ್ಣಾಟಕ ಸಂಗೀತವಾಗಲಿ ಹಿಂದೂಸ್ತಾನಿ ಸಂಗೀತವಾಗಲಿ ಆ ಶಕ್ತಿಯನ್ನು ಅವಶ್ಯವಾಗಿ ಅಪೇಕ್ಷಿಸುವುದಿಲ್ಲ. ಇಲ್ಲಿ ಷಡ್ಜವು ಅಲುಗದ ಗೂಟವಲ್ಲ. ಹಾಡುವವನ ಶಾರೀರಕ್ಕೆ ತಕ್ಕಂತೆ ತಂಬೂರಿಯನ್ನು ಶ್ರುತಿಮಾಡಿಕೊಳ್ಳಲಾಗುತ್ತದೆ. ಉಳಿದ ಸ್ವರಗಳೆಲ್ಲ ಆ ಆಧಾರಷಡ್ಜವನ್ನು ಹಿಡಿದೇ ನಿಲ್ಲುತ್ತವೆ. ಆದಕಾರಣ ಆರು ವರುಷ ಕಳೆದರೆ ಬಾಗಿಲು ಮುಚ್ಚಿಹೋಯಿತೆಂಬ ಭಯಕ್ಕೆ ಇಲ್ಲಿ ಆಸ್ಪದವಿಲ್ಲ.

ಸಂಗೀತದಿಂದ ಮಗುವಿನ ಬುದ್ಧಿ ಚುರುಕಾಗುವುದೆಂಬ ಇನ್ನೊಂದು ಆಶೆಯೂ ತಂದೆತಾಯಿಗಳನ್ನು ಅವಸರಪಡಿಸುವುದುಂಟು. ಈ ನಂಬಿಕೆ ಬಲವಾಗಿ ಹಬ್ಬಿದುದು 1993ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಸಂಶೋಧನೆಯಿಂದ. ಆ ಪರೀಕ್ಷೆಗೆ ಒಳಗಾದವರು ಶಿಶುಗಳಲ್ಲ, ಕಾಲೇಜಿನ ವಿದ್ಯಾರ್ಥಿಗಳು. ಅವರು ಸಂಗೀತವನ್ನು ಕಲಿತವರಾಗಿ ಅಲ್ಲ, ಮೊಟ್ಸಾರ್ಟನ ಒಂದು ಕೃತಿಯನ್ನು ಕೆಲವು ನಿಮಿಷ ಕೇಳಿದವರಾಗಿ ಪರೀಕ್ಷೆಗೆ ಕುಳಿತರು. ಕಂಡ ಪ್ರಯೋಜನವೂ ಕಾಲುಗಂಟೆಯೊಳಗೆ ಅಡಗಿಹೋಯಿತು. ಇಷ್ಟರ ಮೇಲೆ ಲೋಕವು ಎಷ್ಟು ದೊಡ್ಡ ಮಹಡಿಯನ್ನು ಕಟ್ಟಿತು! ಗಣಿತದಲ್ಲಿ ಅಂಕ ಹೆಚ್ಚಲೆಂದು ಸಂಗೀತವನ್ನು ಕಲಿಸುವುದು, ದೀಪದ ಎಣ್ಣೆ ಕೈಗೆ ಅಂಟೀತೆಂಬ ಆಶೆಯಿಂದ ದೀಪವನ್ನು ಹಚ್ಚಿದಂತೆ. ಬೆಳಕೇ ದೀಪದ ಫಲವಲ್ಲವೆ?

ಮಹಾವಿದ್ವಾಂಸರ ಚರಿತ್ರೆಯಾದರೂ ಒಂದೇ ವಯಸ್ಸನ್ನು ಹೇಳುವುದಿಲ್ಲ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲಿಯೇ ಸಭೆಗಳಲ್ಲಿ ಹಾಡಿ ಜನರನ್ನು ಬೆರಗುಗೊಳಿಸಿದರು. ಆದರೆ ಆ ಬಾಲಕೀರ್ತಿಯಲ್ಲಿಯೇ ಅವರ ವಿದ್ಯೆ ಪೂರ್ಣವಾಗಲಿಲ್ಲ, ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಷ್ಯರಾಗಿ ಕುಳಿತು ಕಲಿಯಬೇಕಾಯಿತು. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನರಸುತ್ತ ತಾವಾಗಿಯೇ ಮನೆಯನ್ನು ಬಿಟ್ಟು ಹೊರಟರು. ಉತ್ತರದೇಶವನ್ನೆಲ್ಲ ಅಲೆದು ಬಂದವರಿಗೆ ಗುರುವು ದೊರೆತದ್ದು ತವರಿನ ಮಗ್ಗುಲಲ್ಲೇ ಇದ್ದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ರೂಪದಲ್ಲಿ. 1895ರಲ್ಲಿ ಜನಿಸಿದ ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯವೃತ್ತಿಗೆ ಸೇರಿದ್ದು 1910ರಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧರಿಗೂ ಅನಾಥರಿಗೂ ನಾದವನ್ನು ಕೊಟ್ಟಾಗ, ಆ ಮಕ್ಕಳ ವಯಸ್ಸನ್ನು ಗೊತ್ತುಮಾಡಿದ್ದು ಶಾಸ್ತ್ರವಲ್ಲ, ದೈನ್ಯ. ಆರಂಭದ ವಯಸ್ಸಿಗಿಂತ ಗುರುಲಾಭವೂ ಶಿಷ್ಯನ ಹಸಿವೂ ಮುಖ್ಯವೆಂದು ಇವೆಲ್ಲವೂ ಸಾರುತ್ತವೆ.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಿತೆ? ಅದೂ ಇಲ್ಲ. ಮಗುವು ತಾನಾಗಿ ಕೇಳಲಿ ಎನ್ನುವವರು ಇಚ್ಛೆಯು ಎಲ್ಲಿಂದ ಹುಟ್ಟುವುದೆಂಬುದನ್ನು ವಿಚಾರಿಸುವುದಿಲ್ಲ. ಮಾವಿನ ಹಣ್ಣನ್ನೇ ಕಾಣದವನು ಮಾವಿಗಾಗಿ ಅಳಲಾರನು. ತಂಬೂರಿಯ ದನಿ ಒಮ್ಮೆಯೂ ಮೊಳಗದ ಮನೆಯಲ್ಲಿ ಮಗು ಸಂಗೀತವನ್ನು ಕೇಳಲಿಲ್ಲವಾದರೆ ಅದು ಮಗುವಿನ ತೀರ್ಮಾನವಲ್ಲ. ಮನೆಯ ತೀರ್ಮಾನವೇ ಮಗುವಿನ ಬಾಯಿಂದ ಹೊರಟಂತಾಯಿತು. ಸುಮ್ಮನಿರುವುದೂ ಒಂದು ಕ್ರಿಯೆಯೇ. ಅದರ ಫಲಕ್ಕೂ ಸುಮ್ಮನಿದ್ದವನೇ ಹೊಣೆ.

ಅಕ್ಷರವನ್ನೂ ಮಗು ಕೇಳುವುದಿಲ್ಲ. ಆದರೂ ಕಲಿಸುವೆವಲ್ಲ ಎಂಬ ಶಂಕೆ ಇಲ್ಲಿ ಬರಬಹುದು. ಅದಕ್ಕೆ ಸಮಾಧಾನವಿಷ್ಟೆ: ಅಕ್ಷರವಿಲ್ಲದವನು ಲೋಕದಲ್ಲಿ ಪರಾಧೀನನಾಗುತ್ತಾನೆ, ಆದುದರಿಂದ ಅದು ಹಿರಿಯರು ಮಗುವಿಗೆ ತೀರಿಸಬೇಕಾದ ಋಣ. ಋಣವನ್ನು ತೀರಿಸುವಾಗ ಪಡೆಯುವವನ ಸಮ್ಮತಿಗಾಗಿ ಕಾಯಬೇಕಾಗಿಲ್ಲ. ಸಂಗೀತವಾದರೋ ದಾನ. ದಾನವನ್ನು ಕೊಡಬೇಕೆಂಬುದು ಧರ್ಮ. ಬೇಡವೆಂದವನ ಕೈಯಲ್ಲಿ ತುರುಕುವುದು ಧರ್ಮವಲ್ಲ. ಈ ಭೇದವನ್ನು ಮರೆತುದರಿಂದಲೇ ಅಕ್ಷರಕ್ಕೆ ಸಲ್ಲುವ ಗದರಿಕೆಯನ್ನು ಎಷ್ಟೋ ಮನೆಗಳಲ್ಲಿ ಸ್ವರಕ್ಕೂ ಸಲ್ಲಿಸುತ್ತಾರೆ.

ಕಾಲನಿರ್ಣಯದ ವಿಷಯದಲ್ಲಿ ಪ್ರಾಚೀನರ ರೀತಿಯನ್ನು ನೋಡುವುದು ಉಪಯುಕ್ತ. ಮನುಸ್ಮೃತಿಯು ಉಪನಯನಕ್ಕೆ ವರ್ಣಾನುಸಾರವಾಗಿ ಎಂಟು, ಹನ್ನೊಂದು, ಹನ್ನೆರಡನೆಯ ವರುಷಗಳನ್ನು ವಿಧಿಸಿತು. ವಿಶೇಷಫಲವನ್ನು ಬಯಸುವವನಿಗೆ ಐದನೆಯ ವರುಷದಷ್ಟು ಮುಂಚೆಯೂ ಅನುಮತಿಯನ್ನಿತ್ತಿತು. ಹದಿನಾರರಿಂದ ಇಪ್ಪತ್ತನಾಲ್ಕರವರೆಗೆ ಕಡೆಯ ಗಡುವನ್ನೂ ಹೇಳಿತು. ಆ ವಿಧಿ ಕೆಲವರಿಗೆ ಮಾತ್ರ ಮೀಸಲಾಗಿತ್ತು; ನಾದಕ್ಕೆ ಅಂತಹ ಬೇಲಿಯಿಲ್ಲ. ಆದರೆ ವಿಧಿಸಿದ ಕ್ರಮವು ಗಮನಿಸತಕ್ಕದ್ದು: ಮುಖ್ಯಕಾಲ, ಮುಂಗಾಲ, ಕಡೆಗಾಲವೆಂದು ಕಾಲವು ಒಂದು ಬಯಲಾಗಿದೆಯೇ ಹೊರತು ಒಂದು ಬಿಂದುವಾಗಿಲ್ಲ. ಇನ್ನು ಛಾಂದೋಗ್ಯದ ಶ್ವೇತಕೇತುವು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ ಇಪ್ಪತ್ತನಾಲ್ಕರಲ್ಲಿ ಹಿಂದಿರುಗಿದಾಗ ಅವನಲ್ಲಿ ವಿದ್ಯೆಗಿಂತ ಗರ್ವವೇ ಹೆಚ್ಚಾಗಿತ್ತು. ಸಕಾಲದಲ್ಲಿ ಆರಂಭಿಸಿದ ಮಾತ್ರಕ್ಕೆ ವಿದ್ಯೆಯು ಫಲಿಸುವುದೆಂಬ ಭರವಸೆಯಿಲ್ಲ.

ಆದುದರಿಂದ ‘ಯಾವಾಗ’ ಎಂಬ ಒಂದು ಪ್ರಶ್ನೆಯನ್ನು ಮೂರಾಗಿ ಒಡೆಯಬೇಕು. ಶ್ರವಣ ಯಾವಾಗ? ಪಾಠ ಯಾವಾಗ? ಸಾಧನೆ ಯಾವಾಗ? ಶ್ರವಣವು ತೊಟ್ಟಿಲಿನಿಂದಲೇ ಆಗತಕ್ಕದ್ದು. ತಾಯಿಯ ಜೋಗುಳ, ಅಜ್ಜಿಯ ಸಂಪ್ರದಾಯದ ಹಾಡು, ದೇವರ ಮುಂದಿನ ದಾಸರ ಪದ, ಸುಗ್ಗಿಯ ಹಾಡು, ಇವುಗಳಿಗೆ ವೇತನವೂ ಬೇಡ, ಉಪಾಧ್ಯಾಯರೂ ಬೇಡ. ಸುಜುಕಿಯವರ ಪದ್ಧತಿಯಲ್ಲಿಯೂ ಜನರು ಮರೆಯುವ ಅಂಶವೊಂದಿದೆ: ಮಗುವಿಗಿಂತ ಮೊದಲು ತಾಯಿಯೇ ಆ ವಾದ್ಯವನ್ನು ಹಿಡಿದು ಕಲಿಯಬೇಕೆಂಬುದು ಅವರ ನಿಯಮವಾಗಿತ್ತು. ತಾನು ಒಂದು ಸ್ವರವನ್ನೂ ಕೇಳದೆ ಮಗುವನ್ನು ಮಾತ್ರ ಪಾಠಕ್ಕೆ ಕಳುಹಿಸುವ ತಂದೆ, ತಾನು ಉಣ್ಣದ ಊಟವನ್ನು ಅತಿಥಿಗೆ ಹೊಗಳಿದಂತೆ.

ಪಾಠದ ಆರಂಭವನ್ನು ವರುಷಗಳಿಂದಲ್ಲ, ಲಕ್ಷಣಗಳಿಂದ ತಿಳಿಯಬೇಕು. ಶ್ರುತಿಯ ಜೊತೆಗೆ ಷಡ್ಜವನ್ನು ಸೇರಿಸಿ ಕ್ಷಣಕಾಲ ನಿಲ್ಲಬಲ್ಲದೆ? ಬಾಯಲ್ಲಿ ಹಾಡುತ್ತ ಕೈಯಲ್ಲಿ ತಾಳವನ್ನು ತಪ್ಪದೆ ಹಾಕಬಲ್ಲದೆ? ಕಾಲುಗಂಟೆ ಒಂದೆಡೆ ಕುಳಿತೀತೆ? ತಪ್ಪನ್ನು ತಿದ್ದಿದಾಗ ಅವಮಾನವೆಂದು ಭಾವಿಸದೆ ಮತ್ತೆ ಹಾಡೀತೆ? ಈ ನಾಲ್ಕೂ ಸಾಮಾನ್ಯವಾಗಿ ಆರರಿಂದ ಒಂಬತ್ತು ವರುಷಗಳ ನಡುವೆ ಕೂಡಿಬರುತ್ತವೆ. ಒಂದು ಮಗುವಿನಲ್ಲಿ ಬೇಗ, ಇನ್ನೊಂದರಲ್ಲಿ ತಡ. ಪುರಂದರದಾಸರು ಏರ್ಪಡಿಸಿದರೆಂದು ಸಂಪ್ರದಾಯವು ಹೇಳುವ ಪಾಠಕ್ರಮವೂ ಇದನ್ನೇ ಸೂಚಿಸುತ್ತದೆ. ಮಾಯಾಮಾಳವಗೌಳದಲ್ಲಿ ಸರಳೆವರಿಸೆ, ಜಂಟಿವರಿಸೆ, ಸಪ್ತತಾಳಗಳ ಅಲಂಕಾರ, ಅನಂತರ ಪಿಳ್ಳಾರಿ ಗೀತೆಗಳು. ಆ ರಾಗದಲ್ಲಿ ಷಡ್ಜಋಷಭಗಳ ಅಂತರ ಕಿರಿದು, ಋಷಭಗಾಂಧಾರಗಳದು ಹಿರಿದು, ಗಾಂಧಾರಮಧ್ಯಮಗಳದು ಮತ್ತೆ ಕಿರಿದು. ಉತ್ತರಾಂಗದಲ್ಲಿಯೂ ಇದೇ ಅಚ್ಚು. ಒಂದರ್ಧವನ್ನು ಕಲಿತ ಮಗು ಇನ್ನೊಂದರ್ಧವನ್ನು ತಾನೇ ಗುರುತಿಸುತ್ತದೆ. ಆದರೆ ಆ ಸರಳೆಯನ್ನೇ ಮೂರು ಕಾಲಗಳಲ್ಲಿ ಹಾಡುವುದಕ್ಕೆ ಎಣಿಕೆಯೂ ಸಹನೆಯೂ ಬೇಕು. ಅವು ಮೂಡುವ ಮೊದಲೇ ಕೂರಿಸಿದರೆ, ಮಗು ಕಲಿಯುವುದು ಸ್ವರವನ್ನಲ್ಲ, ಬೇಸರವನ್ನು. ಆ ಬೇಸರವೂ ಸಂಸ್ಕಾರವೇ. ಅದೂ ಆಜೀವ ನಿಲ್ಲುತ್ತದೆ.

ಶರೀರಧರ್ಮವನ್ನೂ ಮರೆಯಬಾರದು. ಎಳೆಯ ಕಂಠವನ್ನು ಹಿರಿಯರ ಶ್ರುತಿಗೆ ಎಳೆಯುವುದೂ, ಗಟ್ಟಿಯಾಗಿ ಕೂಗಿಸುವುದೂ ಹಾನಿಕರ. ಹುಡುಗರಿಗೆ ಹನ್ನೆರಡರಿಂದ ಹದಿನೈದರ ಸುಮಾರಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು ದನಿ ಒಡೆಯುತ್ತದೆ. ಆಗ ಶ್ರುತಿಯನ್ನು ಇಳಿಸಿ, ಹಾಡಿಕೆಯನ್ನು ಮಿತಗೊಳಿಸಿ, ಕೇಳ್ಮೆಗೂ ತಾಳಲಯಕ್ಕೂ ಹೆಚ್ಚು ಹೊತ್ತನ್ನು ಕೊಡುವುದು ವಿವೇಕ. ಆ ಕಾಲದಲ್ಲಿ ದನಿ ಕೆಟ್ಟಿತೆಂದು ಹುಡುಗನನ್ನು ಹೀಯಾಳಿಸಿದರೆ, ದನಿ ಮರಳಿ ಬಂದರೂ ಮನಸ್ಸು ಮರಳಿ ಬಾರದು.

ಮೂರನೆಯದಾದ ಸಾಧನೆಯ ಕಾಲವನ್ನು ಹಿರಿಯರು ಗೊತ್ತುಮಾಡಲಾರರು. ಅದು ಮಗುವಿನ ಹಕ್ಕು. ಇಲ್ಲಿ ತಂದೆತಾಯಿಗಳ ಅಂತರಂಗವೇ ಪರೀಕ್ಷೆಗೆ ಒಳಗಾಗುತ್ತದೆ. ನವರಾತ್ರಿಯ ಗೊಂಬೆಗಳ ಮುಂದೆ ಬಂದವರೆದುರಿಗೆ ನಾಲ್ಕು ವರುಷದ ಕೂಸನ್ನು ನಿಲ್ಲಿಸಿ ಹಾಡಿಸುವಾಗ, ಆ ಹಾಡು ಯಾರ ತೃಪ್ತಿಗಾಗಿ? ತಾವು ಕಲಿಯಲಾರದೆ ಹೋದುದನ್ನು ಮಗುವಿನ ಕೊರಳಿನಿಂದ ತೀರಿಸಿಕೊಳ್ಳುವ ಹಂಬಲ ಎಷ್ಟೋ ಮನೆಗಳಲ್ಲಿ ಪ್ರೀತಿಯ ವೇಷವನ್ನು ತೊಟ್ಟು ನಿಲ್ಲುತ್ತದೆ. ಹಿಂದೆ ಹೆಣ್ಣುಮಕ್ಕಳಿಗೆ ವರನ ಕಡೆಯವರು ಬಂದಾಗ ಹಾಡಲೆಂದೇ ನಾಲ್ಕು ಕೀರ್ತನೆಗಳನ್ನು ಕಲಿಸಿ, ಮದುವೆಯಾದೊಡನೆ ವೀಣೆಯನ್ನು ಅಟ್ಟಕ್ಕೆ ಏರಿಸುತ್ತಿದ್ದುದೂ ಇದೇ ದೋಷದ ಇನ್ನೊಂದು ರೂಪ. ಅಲ್ಲಿ ವಿದ್ಯೆಯೂ ಸಾಧನವಾಯಿತು, ಕಲಿತವಳೂ ಸಾಧನವಾದಳು. ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆ ಗಂಗೂಬಾಯಿ ಹಾನಗಲ್ಲರ (1913–2009) ತಾಯಿಯದು. ಅಂಬಾಬಾಯಿಯವರು ಸ್ವತಃ ಕರ್ಣಾಟಕ ಸಂಗೀತದ ಗಾಯಕಿ. ಮಗಳು ಹಿಡಿದದ್ದು ಹಿಂದೂಸ್ತಾನಿ ಪದ್ಧತಿ. ಮಗಳ ಕಲಿಕೆಯಲ್ಲಿ ತನ್ನ ಶೈಲಿ ಬೆರೆಯದಿರಲೆಂದು ಆ ತಾಯಿ ತನ್ನ ಹಾಡಿಕೆಯನ್ನೇ ನಿಲ್ಲಿಸಿದರೆಂಬುದು ಪ್ರಸಿದ್ಧ. ಮಗಳಲ್ಲಿ ತನ್ನನ್ನು ಹಾಡಿಸುವುದು ಒಂದು; ಮಗಳು ಹಾಡಲೆಂದು ತಾನು ಮೌನವಾಗುವುದು ಇನ್ನೊಂದು.

ಆರಂಭಿಸುವ ವಿಚಾರದಷ್ಟೇ ನಿಲ್ಲಿಸುವ ವಿಚಾರವೂ ಮುಖ್ಯ. ಒಂದು ದಿನದ ಹಟವನ್ನು ವೈರಾಗ್ಯವೆಂದು ತಿಳಿದು ಪಾಠವನ್ನು ಬಿಡಿಸುವುದು ಎಷ್ಟು ತಪ್ಪೋ, ಎರಡು ವರುಷದ ಮೂಕವೇದನೆಯನ್ನು ಸೋಮಾರಿತನವೆಂದು ತಿಳಿದು ಮುಂದುವರಿಸುವುದೂ ಅಷ್ಟೇ ತಪ್ಪು. ನಿಯತವಾದೊಂದು ಅವಧಿಯವರೆಗೆ ತಪ್ಪದೆ ಕಲಿಯಬೇಕೆಂದೂ, ಆಮೇಲೆ ಮಗುವಿನ ಮಾತಿಗೆ ಬೆಲೆಯುಂಟೆಂದೂ ಮೊದಲೇ ಒಪ್ಪಂದವಾಗಿದ್ದರೆ ಅಭ್ಯಾಸದ ಶಿಸ್ತೂ ಉಳಿಯುತ್ತದೆ, ಮಗುವಿನ ಮಾನವೂ ಉಳಿಯುತ್ತದೆ. ಬಿಡುವುದಾದರೆ ಸೋಲಿನ ಮುದ್ರೆಯನ್ನೊತ್ತದೆ ಬಿಡಿಸಬೇಕು. ನಿಂದೆಯಿಲ್ಲದೆ ಬಿಟ್ಟ ವಿದ್ಯೆಯ ಕಡೆಗೆ ಮೂವತ್ತರಲ್ಲಿಯೂ ಮರಳಬಹುದು. ಅವಮಾನದಿಂದ ಬಿಟ್ಟುದರ ಕಡೆಗೆ ಮನಸ್ಸು ತಿರುಗಿ ನೋಡುವುದಿಲ್ಲ.

ಸಭೆಯಲ್ಲಿ ಹಾಡುವವರು ಊರಿಗೆ ಒಬ್ಬರೋ ಇಬ್ಬರೋ ಆಗುತ್ತಾರೆ, ಉಳಿದವರೆಲ್ಲ ಕೇಳುವವರೇ. ಕಲಿತ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ವಿದ್ವಾಂಸರಾಗದಿದ್ದರೂ, ಸಂಜೆಯ ಹೊತ್ತು ಎಲ್ಲಿಂದಲೋ ಕಲ್ಯಾಣಿಯ ಎಳೆಯೊಂದು ತೇಲಿಬಂದಾಗ ಕೈಯ ಕೆಲಸವನ್ನು ನಿಲ್ಲಿಸಿ ಕೇಳುವ ಗೃಹಸ್ಥರೂ ಗೃಹಿಣಿಯರೂ ಆದರೆ ಆ ಪಾಠವು ವ್ಯರ್ಥವಾಗಲಿಲ್ಲ. ಅಂತಹ ಪ್ರೀತಿಯನ್ನು ಕೆಡಿಸದೆ ಯಾವ ದಿನ ಆರಂಭಿಸಲು ಸಾಧ್ಯವೋ ಆ ದಿನವೇ ಶುಭದಿನ.