ಸೇತುವೆಯ ಮೇಲಿನ ಬಾವುಟ



ಕಳೆದ ಯುವಜನ ಸಭೆಯಲ್ಲಿ ಪಂಚಾಯತ್ ಚುನಾವಣೆಯ ಮಾತು ಬಂತು. ಒಬ್ಬ ಹುಡುಗ ಕೇಳಿದ: “ಅಣ್ಣಾ, ರಾಜಕೀಯ ಕೊಳಕು. ನಾವು ಪೂಜೆಗೆ ಬಂದು ಹೋದರೆ ಸಾಲದೇ?” ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಮತ್ತಾಯನ ಶುಭಸಂದೇಶದ 22ನೇ ಅಧ್ಯಾಯ ತೆರೆದೆ. ತೆರಿಗೆಯ ಪ್ರಶ್ನೆ ತಂದವರಿಂದಲೇ ಪ್ರಭು ಯೇಸು ನಾಣ್ಯ ತರಿಸಿ, ಅದರ ಮೇಲಿರುವ ಮುಖ ಯಾರದೆಂದು ಕೇಳುತ್ತಾರೆ. ಯಾವುದು ಯಾರಿಗೆ ಸೇರಿದ್ದು? ಅದನ್ನು ಓದುವಾಗ ಜರ್ಮನಿಯ ಒಬ್ಬ ಮೇಯರ್ ನೆನಪಾದರು.

ಅವರು ಕೊನ್ರಾಡ್ ಅಡೆನೌವರ್. ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಎಂದು ಕೆಲವರಿಗೆ ಗೊತ್ತಿರಬಹುದು. ಆದರೆ ಆ ಪದವಿ ಬಂದಾಗ ಅವರಿಗೆ 73 ವರ್ಷ. ಅದಕ್ಕೆ ಮೊದಲು ಅವರು ಹುಟ್ಟೂರು ಕಲೋನಿನ ನಗರಾಡಳಿತದಲ್ಲಿ ದುಡಿದ ಕಥೋಲಿಕರು. ಮೊದಲ ಮಹಾಯುದ್ಧದಲ್ಲಿ ಊರಿಗೆ ಆಹಾರ ಒದಗಿಸುವ ಹೊಣೆ ಅವರದಾಗಿತ್ತು. ಗೋಧಿ, ರೈ ಹಿಟ್ಟು ಸಾಲದಾದಾಗ ಬೇಕರಿಯವರೊಡನೆ ಸೇರಿ ಮೆಕ್ಕೆಜೋಳ, ಬಾರ್ಲಿ, ಅಕ್ಕಿ ಹಿಟ್ಟಿನ ಬ್ರೆಡ್ ಮಾಡಿಸಿ ಅದಕ್ಕೆ ಪೇಟೆಂಟ್ ಕೂಡ ಪಡೆದರು. ವಿಜ್ಞಾನ ಓದಿದ ನನಗೆ ಅವರ ಇಡೀ ಜೀವನದಲ್ಲಿ ತುಂಬ ಹಿಡಿಸಿದ್ದು ಈ ಬ್ರೆಡ್ಡೇ! 1917ರಲ್ಲಿ ಮೇಯರ್ ಆದರು. ಮುಚ್ಚಿಹೋಗಿದ್ದ ವಿಶ್ವವಿದ್ಯಾಲಯ 1919ರಲ್ಲಿ ಮತ್ತೆ ತೆರೆಯಿತು. ಹಳೆಯ ಕೋಟೆಯ ಜಾಗದಲ್ಲಿ ಜನರು ಓಡಾಡಲು ಹಸಿರು ಪಟ್ಟಿ ಬೆಳೆಯಿತು. ನದಿಯಾಚೆ ವಸ್ತುಪ್ರದರ್ಶನದ ಸಭಾಂಗಣ ಎದ್ದಿತು.

1933ರ ಫೆಬ್ರುವರಿಯಲ್ಲಿ ಹಿಟ್ಲರ್ ಚುನಾವಣಾ ಭಾಷಣಕ್ಕೆ ಕಲೋನಿಗೆ ಬಂದ. ಬಂದವನು ಪಕ್ಷದ ಪ್ರಚಾರಕ್ಕೆ ತಾನೇ? ಸ್ವಾಗತಿಸಲು ಮೇಯರ್ ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಸೇತುವೆಯ ಮೇಲೆ ಕಟ್ಟಿದ್ದ ಸ್ವಸ್ತಿಕದ ಬಾವುಟಗಳನ್ನು ತೆಗೆಸಿದರು. ಭಾಷಣ ನಡೆಯುವ ಸಭಾಂಗಣದ ಮುಂದೆ ಅವು ಹಾರಲಿ, ಅಡ್ಡಿಯಿಲ್ಲ. ಸೇತುವೆ ಮಾತ್ರ ಊರಿನದು. ನಾಣ್ಯದ ಪ್ರಶ್ನೆಯೂ ಇದೇ ಅಲ್ಲವೇ?

ಮುಂದಿನ ತಿಂಗಳೇ ಅವರ ಅಧಿಕಾರ ಹೋಯಿತು. ಶಾಲೆಯ ಗೆಳೆಯರೊಬ್ಬರು ಮಾರಿಯಾ ಲಾಖ್ ಎಂಬ ಬೆನೆಡಿಕ್ಟೀನ್ ಮಠದ ಅಧಿಪತಿಯಾಗಿದ್ದರು. ಸುಮಾರು ಒಂದು ವರ್ಷ ಅಲ್ಲಿ ಅಡಗಿದ್ದು, ದುಡಿಮೆಗಾರರ ಬಗ್ಗೆ ಪೋಪರು ಬರೆದ ವಿಶ್ವಪತ್ರಗಳನ್ನು ಓದಿದರು.

ಅವರನ್ನು ಸಂತರೆಂದು ಹೇಳಲು ನಾನು ಬಂದಿಲ್ಲ. 1934ರಲ್ಲಿ ತಮ್ಮ ಪಿಂಚಣಿಯ ವಿಷಯದಲ್ಲಿ ಮಂತ್ರಿಗೆ ಬರೆದ ಪತ್ರದಲ್ಲಿ, ತಾನು ನಾಜಿ ಪಕ್ಷವನ್ನು ನ್ಯಾಯವಾಗಿಯೇ ನಡೆಸಿಕೊಂಡೆನೆಂದು ಅವರೇ ವಾದಿಸಿದರು. ಓದಿದಾಗ ನನಗೆ ಬೇಸರವಾಯಿತು. ಆಮೇಲೆ ಯೋಚಿಸಿದೆ: ಸಂಬಳ ನಿಂತ ಮನೆ, ಹೆಂಡತಿ ಮಕ್ಕಳು. ನಾನಾಗಿದ್ದರೆ ಏನು ಬರೆಯುತ್ತಿದ್ದೆನೋ! ಹೆದರಿದವರೂ ಒಂದು ದಿನ ಸರಿಯಾದ ಬಾವುಟ ಇಳಿಸಬಲ್ಲರು. ಪೇತ್ರನ ಕಥೆ ನಮಗೆ ಗೊತ್ತಿದೆ.

1944ರಲ್ಲಿ ಗೆಸ್ಟಪೊ ಅವರನ್ನು ಹಿಡಿದು ಅದೇ ವಸ್ತುಪ್ರದರ್ಶನದ ಆವರಣದಲ್ಲಿ ಕೂಡಿಹಾಕಿತು. ಅಲ್ಲಿಂದ ಪಾರಾಗಲು ನೆರವಾದವನು ಕಮ್ಯುನಿಸ್ಟ್ ಕೈದಿ. ಗಂಡ ಎಲ್ಲಿದ್ದಾನೆಂದು ಹೇಳಿಸಲು ಪತ್ನಿ ಗುಸ್ಸಿಯನ್ನು ಸೆರೆಯಲ್ಲಿಟ್ಟರು. ಆ ನೋವಿನಿಂದ ಅವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ, 1948ರಲ್ಲಿ ತೀರಿಕೊಂಡರು. ಅವರಿಗಾಗಿಯೂ ಪ್ರಾರ್ಥಿಸೋಣ.

1945ರಲ್ಲಿ ಊರು ಕಲ್ಲುರಾಶಿಯಾಗಿತ್ತು. ಅಮೆರಿಕನ್ನರು ಕರೆದಾಗ, 69ರ ವಯಸ್ಸಿನಲ್ಲಿ, ಮತ್ತೆ ಮೇಯರ್ ಕುರ್ಚಿಗೆ ಬಂದರು. ಅದೇ ಅಕ್ಟೋಬರಿನಲ್ಲಿ ಬ್ರಿಟಿಷರು ತೆಗೆದುಹಾಕಿದರು.

ಆ ಹುಡುಗನಿಗೆ ಮುಂದಿನ ಸಭೆಯಲ್ಲಿ ಇದನ್ನೇ ಹೇಳಬೇಕೆಂದಿದ್ದೇನೆ. ಬರುವಾಗ ನಮ್ಮ ವಾರ್ಡಿನ ಕುಡಿಯುವ ನೀರಿನ ಅರ್ಜಿಯನ್ನೂ ತಾ ಎಂದಿದ್ದೇನೆ.